ಐದು ಕೋಣೆಗೆ ಐದು ಇಂಡೋರ್ ಬೇಕೇ? ಮಲ್ಟಿ ಹೀಟ್ ಪಂಪ್ ಹಾಕಿಸುವ ಮುನ್ನ

ನಿಮ್ಮ ಪ್ರಶ್ನೆ ಇಷ್ಟು: ಎರಡು ಅಂತಸ್ತಿನ ಮನೆ, ಕೆಳಗೆ ಹಾಲ್ ಮತ್ತು ಊಟದ ಜಾಗ, ಮೇಲೆ ಮೂರು ಮಲಗುವ ಕೋಣೆ. ಚಳಿಗಾಲದ ರಾತ್ರಿ ಹೊರಗೆ 0 ಡಿಗ್ರಿಗೆ ಇಳಿಯುತ್ತದೆ, ಬೇಸಿಗೆಯಲ್ಲಿ ತಂಪೂ ಬೇಕು. ಅಳವಡಿಸುವವರು ಮಲ್ಟಿ ಹೀಟ್ ಪಂಪ್, ಅಂದರೆ ಬಿಸಿಯನ್ನೂ ತಂಪನ್ನೂ ಕೊಡುವ ಎಸಿ ಸೂಚಿಸಿದ್ದಾರೆ: ಕೋಣೆಯೊಳಗೆ ಗಾಳಿ ಬೀಸುವ ಐದು ಇಂಡೋರ್‌ಗೂ ಸೇರಿಸಿ, ಕಂಪ್ರೆಸರ್ ಇರುವ ಒಂದೇ ದೊಡ್ಡ ಔಟ್‌ಡೋರ್ ಯೂನಿಟ್ ಹೊರಗೆ. ಅದು ಸರಿಯೇ, ಕೆಲಸ ನಡೆಯುವಾಗ ಏನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ.

ಸರಿಯಲ್ಲ. ಕೋಣೆ ಎಷ್ಟಿವೆಯೋ ಅಷ್ಟು ಇಂಡೋರ್ ಎಂಬ ಲೆಕ್ಕದಲ್ಲೇ ಮಲ್ಟಿ ಹೀಟ್ ಪಂಪ್‌ಗಳು ಕೆಡುವುದು. ಯಂತ್ರ ಗರಿಷ್ಠ ಎಷ್ಟು ಶಾಖ ಕೊಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕನಿಷ್ಠ ಎಷ್ಟಕ್ಕೆ ಇಳಿಯಬಲ್ಲದು ಎಂದು ಕೇಳುವವರು ಕಡಿಮೆ. ಮನೆಯ ಸುಖವೂ ಕರೆಂಟ್ ಬಿಲ್ಲೂ ನಿಂತಿರುವುದು ಆ ಎರಡನೆಯ ಅಂಕಿಯ ಮೇಲೆ.

ಒಂದು ಮಲಗುವ ಕೋಣೆಯ ಲೆಕ್ಕ ಹಾಕಿ ನೋಡೋಣ. 4 ಮೀಟರ್ ಉದ್ದ, 3.5 ಅಗಲ, 3 ಎತ್ತರ. ಎರಡು ಗೋಡೆ ಹೊರಗಿನವು, ಒಂದು 2.5 ಚದರ ಮೀಟರ್ ಕಿಟಕಿ. ಒಳಗೆ 20 ಡಿಗ್ರಿ ಬೇಕು, ಹೊರಗೆ 0, ಅಂದರೆ ವ್ಯತ್ಯಾಸ 20. ಹೊರಗೋಡೆ, ಕಿಟಕಿ ಕಳೆದು, 20 ಚದರ ಮೀಟರ್. ಗಾರೆ ಮಾಡಿದ 9 ಇಂಚಿನ ಇಟ್ಟಿಗೆ ಗೋಡೆಯಲ್ಲಿ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 2 ವ್ಯಾಟ್ ಹೊರಹೋಗುತ್ತದೆ: 20 × 2 × 20 = 800 ವ್ಯಾಟ್. ಒಂಟಿ ಗಾಜಿಗೆ ಆ ಅಂಕಿ 5.7: 2.5 × 5.7 × 20 = 285. ಸಂದುಗಳಿಂದ ಗಂಟೆಗೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾಗುತ್ತದೆ ಎಂದಿಟ್ಟುಕೊಂಡರೆ 0.33 × 42 ಘನ ಮೀಟರ್ × 20 = 277 (0.33 ಎಂದರೆ ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ವ್ಯಾಟ್-ಗಂಟೆ). ಒಟ್ಟು 1,362 ವ್ಯಾಟ್. ಮೇಲೆ ಬಿಸಿಲಿಗೆ, ಚಳಿಗೆ ಒಡ್ಡಿದ ಛಾವಣಿ ಇದ್ದರೆ ಅದನ್ನೂ ಹೀಗೇ ಕೂಡಿಸಿ.

ಇದು ವರ್ಷದ ಅತಿ ಚಳಿಯ ರಾತ್ರಿಯ ಮಾತು. ಹೊರಗೆ 10 ಡಿಗ್ರಿ ಇರುವ ಸಾಮಾನ್ಯ ರಾತ್ರಿಗೆ ಇದರರ್ಧ, 680 ವ್ಯಾಟ್ ಸಾಕು. ಈಗ ಐದು ಪೋರ್ಟಿನ, ಅಂದರೆ ಐದು ಇಂಡೋರ್ ಜೋಡಿಸಬಹುದಾದ ಔಟ್‌ಡೋರ್‌ನ ಕನಿಷ್ಠ ಸಾಮರ್ಥ್ಯ ನೋಡಿ. ಎಷ್ಟೋ ಯಂತ್ರಗಳಲ್ಲಿ ಅದು 2ರಿಂದ 3 ಕಿಲೋವ್ಯಾಟ್. ರಾತ್ರಿ ಒಂದೇ ಕೋಣೆ ಓಡಿಸಿದರೆ ಬೇಕಾದ್ದರ ಮೂರು ನಾಲ್ಕು ಪಟ್ಟು ಶಾಖ ಬಂದು ಬೀಳುತ್ತದೆ. ಕೆಲವೇ ನಿಮಿಷದಲ್ಲಿ ಕೋಣೆ ಬಿಸಿಯಾಗಿ ಕಂಪ್ರೆಸರ್ ನಿಲ್ಲುತ್ತದೆ, ತಣ್ಣಗಾದ ಕೂಡಲೇ ಮತ್ತೆ ಏಳುತ್ತದೆ. ರಾತ್ರಿಯಿಡೀ ಇದೇ ಆಟ. ಕಂಪ್ರೆಸರಿನ ವೇಗ ಹೆಚ್ಚು ಕಡಿಮೆ ಮಾಡಬಲ್ಲ ಇನ್ವರ್ಟರ್ ಯಂತ್ರ ನಿಧಾನವಾಗಿ, ನಿಲ್ಲದೆ ಓಡಿದಾಗ ಮಾತ್ರ ಕಡಿಮೆ ಕರೆಂಟ್ ತಿನ್ನುತ್ತದೆ, ಆ ಲಾಭವೇ ಇಲ್ಲಿ ಹೋಯಿತು. ಬೇಸಿಗೆಯಲ್ಲಿ ಇನ್ನೊಂದು ತೊಂದರೆ: ತೇವ ನೀರಾಗಿ ಇಳಿದು ಡ್ರೈನ್ ಸೇರುವಷ್ಟು ಹೊತ್ತು ಇಂಡೋರ್‌ನೊಳಗಿನ ಪೈಪಿನ ಸುರುಳಿ, ಅಂದರೆ ಕಾಯಿಲ್ ತಣ್ಣಗೆ ಉಳಿಯುವುದಿಲ್ಲ. ಕೋಣೆ ತಂಪಾಗುತ್ತದೆ, ಜಿಗುಟು ಮಾತ್ರ ಹೋಗುವುದಿಲ್ಲ.

ಮಲ್ಟಿಯ ಇನ್ನೂ ಮೂರು ಗುಣ ಮೊದಲೇ ತಿಳಿದಿರಲಿ. ಒಂದು ಔಟ್‌ಡೋರ್‌ಗೆ ಸೇರಿದ ಎಲ್ಲ ಕೋಣೆಗಳೂ ಒಂದೇ ಹೊತ್ತಿಗೆ ಬಿಸಿಯಲ್ಲಿರಬೇಕು, ಇಲ್ಲವೇ ತಂಪಿನಲ್ಲಿರಬೇಕು. ಒಂದು ಬಿಸಿ, ಒಂದು ತಂಪು ಮನೆ ಬಳಕೆಯ ಮಲ್ಟಿಯಲ್ಲಿ ಆಗದು. ವಿರುದ್ಧ ಕೇಳಿದ ಕೋಣೆ ಸುಮ್ಮನೆ ಕಾಯುತ್ತ ಕೂರುತ್ತದೆ. ಎರಡನೆಯದು, ಬಿಸಿ ಓಡುವಾಗ ಆಫ್ ಮಾಡಿದ ಇಂಡೋರ್‌ನಲ್ಲೂ ಗ್ಯಾಸ್ (ಶಾಖ ಹೊತ್ತೊಯ್ಯುವ ರೆಫ್ರಿಜರೆಂಟ್) ಮತ್ತು ಕಂಪ್ರೆಸರಿನ ಎಣ್ಣೆ ತುಂಬಿ ನಿಲ್ಲಬಾರದೆಂದು ಅದರ ವಾಲ್ವನ್ನು ಯಂತ್ರ ಚೂರು ತೆರೆದೇ ಇಡುತ್ತದೆ. ಹಾಗಾಗಿ ಯಾರೂ ಇಲ್ಲದ ಕೋಣೆಯೂ ಬೆಚ್ಚಗಾಗುತ್ತದೆ. ಅತಿಥಿ ಕೋಣೆಗೆ ‘ಇರಲಿ’ ಎಂದು ಹಾಕಿಸಿದ ಇಂಡೋರ್ ವರ್ಷಕ್ಕೆ ಹತ್ತು ದಿನ ಕೆಲಸ ಮಾಡಿ, ಉಳಿದ ಚಳಿಗಾಲವೆಲ್ಲ ಶಾಖ ಸೋರಿಸುತ್ತದೆ. ಮೂರನೆಯದು, ಔಟ್‌ಡೋರ್ ಕೆಟ್ಟರೆ ಇಡೀ ಮನೆಗೆ ಏನೂ ಇಲ್ಲ, ಔಟ್‌ಡೋರ್ ಕಾಯಿಲ್ ಮೇಲೆ ಕಟ್ಟಿದ ಹಿಮ ಕರಗಿಸುವ ಡಿಫ್ರಾಸ್ಟ್ ನಡೆಯುವಷ್ಟು ಹೊತ್ತು ಎಲ್ಲ ಕೋಣೆಗೂ ಬಿಸಿ ನಿಲ್ಲುತ್ತದೆ.

ನಿಮ್ಮ ಮನೆಗೆ ನಾನಾದರೆ ಹೀಗೆ ಹೇಳುತ್ತೇನೆ. ಹಾಲ್ ಮತ್ತು ಊಟದ ಜಾಗದ ನಡುವೆ ಬಾಗಿಲಿಲ್ಲದಿದ್ದರೆ ಎರಡಕ್ಕೂ ಸೇರಿ ಒಂದೇ ಯಂತ್ರ, ಅದೂ ತನ್ನದೇ ಔಟ್‌ಡೋರ್ ಇರುವ ಸಿಂಗಲ್. ದಿನವಿಡೀ ಓಡುವುದು ಅದೇ, ಒಳ್ಳೆಯ ಸಿಂಗಲ್ ಯಂತ್ರಗಳು 1 ಕಿಲೋವ್ಯಾಟ್‌ಗೂ ಕೆಳಗೆ ಇಳಿಯುತ್ತವೆ. ಮೇಲಿನ ಮೂರು ಕೋಣೆಗೆ ಎರಡು ಪೋರ್ಟಿನ ಚಿಕ್ಕ ಮಲ್ಟಿ: ದೊಡ್ಡ ಕೋಣೆಗೆ ಗೋಡೆಯ ಇಂಡೋರ್, ಅಕ್ಕಪಕ್ಕದ ಎರಡು ಚಿಕ್ಕ ಕೋಣೆಗೆ ಫಾಲ್ಸ್ ಸೀಲಿಂಗ್ ಒಳಗೆ ಕೂರುವ ತೆಳು ಡಕ್ಟ್ ಯೂನಿಟ್. ಡಕ್ಟ್ ಯೂನಿಟ್‌ನ ಫ್ಯಾನಿಗೆ ತಳ್ಳುವ ಬಲ ಕಡಿಮೆ. ಹಾಗಾಗಿ ಡಕ್ಟ್ ಗಿಡ್ಡವಾಗಿರಲಿ, ಫಿಲ್ಟರ್ ತೆಗೆಯಲು ಸೀಲಿಂಗಿನಲ್ಲಿ ಬಾಗಿಲು ಬಿಡಿಸಿ, ಕೋಣೆಯ ಬಾಗಿಲು ಮುಚ್ಚಿದಾಗಲೂ ಗಾಳಿ ವಾಪಸ್ ಬರಲು ಗ್ರಿಲ್ ಅಥವಾ ಬಾಗಿಲ ಕೆಳಗೆ ಸಂದು ಇರಬೇಕು. ಔಟ್‌ಡೋರ್ ಇಡಲು ಜಾಗವೇ ಇಲ್ಲದಿದ್ದರೆ ಮಾತ್ರ ಒಂದೇ ಮಲ್ಟಿಗೆ ಹೋಗಿ, ಆಗಲೂ ಮೂರು ಪೋರ್ಟ್ ದಾಟಬೇಡಿ. ಗೋಡೆಗೆ 50 ಮಿಲಿಮೀಟರ್ ಶಾಖನಿರೋಧಕ ಹೊದಿಕೆ ಹಾಕಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿ. ಮೇಲಿನ ಲೆಕ್ಕದ 800 ವ್ಯಾಟ್ ಸುಮಾರು 200ಕ್ಕೆ ಇಳಿದು, ಕೊಳ್ಳುವ ಯಂತ್ರವೇ ಬದಲಾಗುತ್ತದೆ.

ಕೆಟಲಾಗ್ ನೋಡುವಾಗ ಮುಖಪುಟದ ಅಂಕಿಯನ್ನು ನಂಬಿ ನಿಲ್ಲಬೇಡಿ. ಅದು ಹೊರಗೆ 7 ಡಿಗ್ರಿ ಇದ್ದಾಗಿನದು. ಚಳಿ ಹೆಚ್ಚಿದಂತೆ ಶಾಖ ಕೊಡುವ ಸಾಮರ್ಥ್ಯ ಇಳಿಯುತ್ತದೆ. ನಿಮ್ಮ ಅತಿ ಚಳಿಯ ಉಷ್ಣತೆಗೆ ಯಂತ್ರ ಎಷ್ಟು ಕೊಡುತ್ತದೆ ಎಂಬ ಸಾಲು ತಾಂತ್ರಿಕ ಪುಸ್ತಕದಲ್ಲಿರುತ್ತದೆ, ಅದರಿಂದಲೇ ಆರಿಸಿ. ಪಕ್ಕದಲ್ಲೇ ಯಾವ ಯಾವ ಇಂಡೋರ್ ಜೋಡಿಸಬಹುದೆಂಬ ಕಾಂಬಿನೇಶನ್ ಪಟ್ಟಿ ಇರುತ್ತದೆ. 2.5 ಕಿಲೋವ್ಯಾಟ್‌ನ ಐದು ಇಂಡೋರ್ ಅಂದರೆ 12.5; ಔಟ್‌ಡೋರ್ 10ರದ್ದಾದರೆ ಐದೂ ಪೂರ್ತಿ ಕೇಳಿದಾಗ ಪ್ರತಿಯೊಂದಕ್ಕೂ ಸಿಗುವುದು 2. ತಂಪಿನ ಲೆಕ್ಕವನ್ನು ಬೇರೆಯಾಗಿ ಹಾಕಿಸಿ. ಅಲ್ಲಿ ಪಡುವಣ ಗಾಜು ಮತ್ತು ಬಿಸಿಲು ಕುಡಿಯುವ ಛಾವಣಿಯೇ ದೊಡ್ಡ ಪಾಲು.

ಆರ್32 ಗ್ಯಾಸಿನ ಯಂತ್ರವಾದರೆ ಇನ್ನೊಂದು ಪಟ್ಟಿ ನೋಡಲೇಬೇಕು. ಈ ಗ್ಯಾಸ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳಬಲ್ಲದು. ಮಲ್ಟಿಯಲ್ಲಿ ಎಲ್ಲ ಕೋಣೆಯ ಗ್ಯಾಸೂ ಒಂದೇ ಸರ್ಕ್ಯೂಟ್, ಸೋರಿದರೆ ಇಡೀ ಮನೆಯ ಗ್ಯಾಸ್ ಅತಿ ಚಿಕ್ಕ ಕೋಣೆಯೊಳಗೇ ಬರಬಹುದು. ಇಷ್ಟು ಕಿಲೋ ಗ್ಯಾಸಿಗೆ ಕೋಣೆಯ ನೆಲ ಕನಿಷ್ಠ ಇಷ್ಟಿರಬೇಕು ಎಂಬ ಪಟ್ಟಿ ಕೈಪಿಡಿಯಲ್ಲಿದೆ. ಚಿಕ್ಕ ಕೋಣೆಗೆ ಅದನ್ನು ಹೊಂದಿಸಿ ನೋಡದೆ ಮುಂದುವರಿಯಬೇಡಿ.

ಜಾಗದ ವಿಷಯ ಬೇಗ ಹೇಳಿಬಿಡುತ್ತೇನೆ. ಇಂಡೋರ್ ಮಂಚದ ನೇರಕ್ಕೆ ಬೇಡ, ಗಾಳಿ ಕೋಣೆಯ ಉದ್ದಕ್ಕೆ ಹಾಯಲಿ. ಚಾವಣಿಗೆ ಅಂಟಿಸಿದರೆ ಮೇಲಿನಿಂದ ಗಾಳಿ ಎಳೆಯಲಾಗದು, ಕೈಪಿಡಿ ಹೇಳಿದಷ್ಟು ಸಂದು ಬಿಡಿಸಿ. ಔಟ್‌ಡೋರ್ ಮುಚ್ಚಿದ ಯುಟಿಲಿಟಿಯಲ್ಲಿ, ಕಿರಿದಾದ ಸಂದಿಯಲ್ಲಿ ಬೇಡ. ತಾನು ಉಗುಳಿದ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ನೆಲದಿಂದ ಒಂದಡಿ ಎತ್ತರದ ಸ್ಟ್ಯಾಂಡ್ ಮೇಲೆ ರಬ್ಬರ್ ಕಾಲಿಟ್ಟು ಕೂರಿಸಿ, ಏಕೆಂದರೆ ಚಳಿಗಾಲದಲ್ಲಿ ಡಿಫ್ರಾಸ್ಟ್ ಆದಾಗಲೆಲ್ಲ ತಳದಿಂದ ನೀರು ಸುರಿಯುತ್ತದೆ. ಆ ನೀರು ನಡೆದಾಡುವ ದಾರಿಗೆ ಹರಿಯಬಾರದು. ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿಯಿದ್ದರೆ ತಳಕ್ಕೆ ಡ್ರೈನ್ ಪೈಪ್ ಸಿಕ್ಕಿಸಬೇಡಿ, ಪೈಪಿನಲ್ಲೇ ನೀರು ಗಟ್ಟಿಯಾಗಿ ತಳ ತುಂಬುತ್ತದೆ, ಆ ಮಂಜುಗಡ್ಡೆಗೆ ಫ್ಯಾನ್ ತಾಗುತ್ತದೆ. ಮಲಗುವ ಕೋಣೆಯ ಗೋಡೆಗೆ ಬ್ರಾಕೆಟ್ ಹೊಡೆದು ನೇತುಹಾಕಿದರೆ ಗುಂಯ್‌ಗುಡುವ ಸದ್ದು ಒಳಗೆ ಬರುತ್ತದೆ.

ಇನ್ನು ಪೈಪ್. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಗೋಡೆಯ ತೂತು 65–70 ಮಿಲಿಮೀಟರ್, ಹೊರಕ್ಕೆ ಚೂರು ಇಳಿಜಾರು, ಒಳಗೆ ಸ್ಲೀವ್. ಪ್ರತಿ ಇಂಡೋರ್‌ಗೂ ಒಂದು ಸಣ್ಣ, ಒಂದು ದಪ್ಪ ತಾಮ್ರದ ಪೈಪ್ ಹೋಗುತ್ತದೆ. ಮಲ್ಟಿಯಲ್ಲಿ ಗ್ಯಾಸಿನ ಒತ್ತಡ ಇಳಿಸಿ ತಣ್ಣಗಾಗಿಸುವ ಎಕ್ಸ್‌ಪಾನ್ಷನ್ ವಾಲ್ವ್ ಔಟ್‌ಡೋರ್ ಒಳಗೇ ಇರುವುದರಿಂದ ತಂಪು ಓಡುವಾಗ ಸಣ್ಣ ಪೈಪೂ ತಣ್ಣಗಿರುತ್ತದೆ. ಎರಡಕ್ಕೂ ಬೇರೆ ಬೇರೆ ಇನ್ಸುಲೇಶನ್ ತೋಳು ಬೇಕು, ಒಂದೇ ತೋಳಿನೊಳಗೆ ಎರಡನ್ನೂ ತುರುಕಿದರೆ ಒಂದರ ಶಾಖ ಇನ್ನೊಂದಕ್ಕೆ ಹೋಗುತ್ತದೆ, ಬೆತ್ತಲೆ ಬಿಟ್ಟರೆ ಗೋಡೆಯೊಳಗೆ ನೀರು ಜಿನುಗುತ್ತದೆ. ಪೈಪ್ ಎಳೆಯುವ ಮೊದಲೇ ಎರಡೂ ತುದಿಗೆ ಎ, ಬಿ ಎಂದು ಗುರುತು ಕಟ್ಟಿಸಿ, ಅದೇ ಗುರುತು ವೈರಿಗೂ ಇರಲಿ. ಪೈಪ್ ಎ ಪೋರ್ಟಿಗೂ ವೈರ್ ಬಿ ಟರ್ಮಿನಲ್‌ಗೂ ಹೋದರೆ, ಒಂದು ಕೋಣೆಯಲ್ಲಿ ರಿಮೋಟ್ ಒತ್ತಿದಾಗ ಗ್ಯಾಸ್ ಇನ್ನೊಂದು ಕೋಣೆಗೆ ಹರಿಯುತ್ತದೆ. ತಂಪು ಓಡುವಾಗ, ಫ್ಯಾನ್ ಓಡದ ಆ ಕಾಯಿಲ್ ಮೇಲೆ ಮಂಜು ಕಟ್ಟಿ ನೀರು ತೊಟ್ಟಿಕ್ಕುತ್ತದೆ, ಕೇಳಿದ ಕೋಣೆಗೆ ಏನೂ ಬರುವುದಿಲ್ಲ. ಇದನ್ನು ಗ್ಯಾಸ್ ಕಡಿಮೆ ಎಂದು ತಪ್ಪು ತಿಳಿದು ಗ್ಯಾಸ್ ತುಂಬಿಸುವುದೂ ನಡೆಯುತ್ತದೆ.

ಪೈಪಿನ ತುದಿಯನ್ನು ಕೊಳವೆಯ ಬಾಯಿಯಂತೆ ಅಗಲಿಸಿ (ಇದೇ ಫ್ಲೇರ್) ನಟ್‌ನಿಂದ ಯಂತ್ರಕ್ಕೆ ಬಿಗಿಯುತ್ತಾರೆ. ಯಂತ್ರದ ಜೊತೆ ಬಂದ ಫ್ಲೇರ್ ನಟ್‌ಗಳನ್ನೇ ಬಳಸಿ. ಪೈಪನ್ನು ಕಟರ್‌ನಿಂದ ನೇರವಾಗಿ ಕತ್ತರಿಸಿ, ಬಾಯಿ ಕೆಳಮುಖ ಮಾಡಿ ರೀಮರ್‌ನಿಂದ ಒಳಅಂಚು ಕೆರೆಯಬೇಕು, ಇಲ್ಲವಾದರೆ ತಾಮ್ರದ ಚೂರು ಒಳಗೇ ಉಳಿದು ವಾಲ್ವ್ ಸೇರುತ್ತದೆ. ನಟ್ ತೊಡಿಸಿ ಆಮೇಲೆ ಫ್ಲೇರ್. 1/4 ಇಂಚಿನ ಪೈಪಿಗೆ ಫ್ಲೇರ್ ಬಾಯಿ ಸುಮಾರು 9 ಮಿಲಿಮೀಟರ್, 3/8ಕ್ಕೆ 13, 1/2ಕ್ಕೆ 16.5 ಬರಬೇಕು, ಮುಖ ಕನ್ನಡಿಯಂತೆ ನುಣುಪಾಗಿರಬೇಕು, ಗೀರು ಕಂಡರೆ ಕತ್ತರಿಸಿ ಮತ್ತೆ ಮಾಡಿಸಿ. ಬಿಗಿ ಮಾಡುವುದು ಎರಡು ಸ್ಪ್ಯಾನರ್ ಹಿಡಿದು, ಅದರಲ್ಲೊಂದು ಟಾರ್ಕ್ ರೆಂಚ್: 1/4 ಇಂಚಿಗೆ 14–18 ನ್ಯೂಟನ್ ಮೀಟರ್, 3/8ಕ್ಕೆ 34–42, 1/2ಕ್ಕೆ 49–61. ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಸಡಿಲವಾದರೆ ಸೋರುವುದು ಸರಿ, ಅತಿ ಬಿಗಿಯಾದರೂ ಫ್ಲೇರ್ ತೆಳುವಾಗಿ ಕೆಲವು ತಿಂಗಳ ನಂತರ ಬಿರುಕು ಬಿಡುತ್ತದೆ. ಫ್ಲೇರ್ ಜೋಡಣೆ ಯಾವುದೂ ಗೋಡೆಯೊಳಗೆ ಹೂತುಹೋಗಬಾರದು.

ಆಮೇಲೆ ಪೈಪಿಗೆ ನೈಟ್ರೋಜನ್ ತುಂಬಿ ಸೋರಿಕೆಯ ಪರೀಕ್ಷೆ. ಮೊದಲು 0.5 ಮೆಗಾಪಾಸ್ಕಲ್, ಐದು ನಿಮಿಷ, ಮುಂದೆ 1.5, ಮತ್ತೆ ಐದು ನಿಮಿಷ. ಕೊನೆಗೆ ಕೈಪಿಡಿ ಹೇಳಿದ ಪೂರ್ತಿ ಒತ್ತಡ, ಆರ್410ಎ (ಇನ್ನೊಂದು ಬಗೆಯ ಗ್ಯಾಸ್) ಮತ್ತು ಆರ್32ಕ್ಕೆ ಸಾಮಾನ್ಯವಾಗಿ 4ರ ಆಸುಪಾಸು. ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು. ಬೆಳಗ್ಗೆ ಉಷ್ಣತೆ ಇಳಿದಿದ್ದರೆ ಪ್ರತಿ ಡಿಗ್ರಿಗೆ 0.01 ಮೆಗಾಪಾಸ್ಕಲ್‌ಗಿಂತ ತುಸು ಹೆಚ್ಚು ಇಳಿಕೆ ಸಹಜ, ಅದನ್ನು ಕಳೆದು ನೋಡಿ. ಪ್ರತಿ ನಟ್‌ಗೂ ಸೋಪಿನ ನೀರು ಹಚ್ಚಿ. ಆಮ್ಲಜನಕವನ್ನಾಗಲಿ, ಗಾಳಿಯ ಕಂಪ್ರೆಸರನ್ನಾಗಲಿ ಈ ಪರೀಕ್ಷೆಗೆ ಬಳಸಲು ಬಿಡಲೇಬೇಡಿ. ಎಣ್ಣೆಯ ಜೊತೆ ಒತ್ತಡದ ಆಮ್ಲಜನಕ ಸ್ಫೋಟಿಸುತ್ತದೆ.

ನಂತರ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೊರಗೆಳೆಯುವುದು. ಪೈಪಿನಲ್ಲಿ ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸಿದರೆ ಸಾಕು ಎನ್ನುವವರನ್ನು ಅಲ್ಲೇ ತಡೆಯಿರಿ. ಒಳಗೆ ಉಳಿದ ತೇವ ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ, ಮೋಟಾರಿನ ಸುರುಳಿಯನ್ನು ತಿನ್ನುತ್ತದೆ. ಮ್ಯಾನಿಫೋಲ್ಡಿನ (ಸಾಮಾನ್ಯ ಒತ್ತಡದ ಗೇಜಿನ) ಮುಳ್ಳು ಸೊನ್ನೆಗಿಂತ ಕೆಳಗೆ ಹೋದದ್ದು ಸಾಕ್ಷಿಯಲ್ಲ, ಅತಿ ಕಡಿಮೆ ಒತ್ತಡ ಅಳೆಯುವ ಮೈಕ್ರಾನ್ ಗೇಜ್ ಬೇಕು, ಅದೂ ಪಂಪಿನಿಂದ ದೂರದ ತುದಿಯಲ್ಲಿ. 500 ಮೈಕ್ರಾನ್‌ಗಿಂತ ಕೆಳಗಿಳಿಸಿ, ಪಂಪ್ ಕಡೆ ವಾಲ್ವ್ ಮುಚ್ಚಿ, 15 ನಿಮಿಷ ನೋಡಿ. ಏರಿ ಒಂದು ಕಡೆ ನಿಂತರೆ ತೇವವಿದೆ, ಇನ್ನಷ್ಟು ಹೊತ್ತು ಎಳೆಯಬೇಕು. ನಿಲ್ಲದೆ ಏರುತ್ತಲೇ ಇದ್ದರೆ ಸೋರಿಕೆ. ಕೋಣೆಗೊಂದು ಜೋಡಿ ವಾಲ್ವ್ ಇರುವ ಔಟ್‌ಡೋರ್‌ಗಳಲ್ಲಿ ಪ್ರತಿ ಕೋಣೆಯ ಪೈಪಿಗೂ ಬೇರೆಯಾಗಿ ಹೀಗೆ ಮಾಡಬೇಕು. ಒಂದಕ್ಕೆ ಮಾಡಿ ಎಲ್ಲಕ್ಕೂ ಆಯಿತೆಂದು ವಾಲ್ವ್ ತೆರೆದುಬಿಡುವ ತಪ್ಪು ಮಲ್ಟಿಯಲ್ಲಿ ಸುಲಭ. ಬಳಸದ ಪೋರ್ಟಿನ ವಾಲ್ವ್ ಮುಚ್ಚಿದ್ದು, ಕ್ಯಾಪ್ ಬಿಗಿಯಾಗಿರಲಿ.

ಎಲ್ಲ ಕೋಣೆಯ ಪೈಪ್ ಉದ್ದ ಕೂಡಿಸಿ. ಕಾರ್ಖಾನೆಯಲ್ಲೇ ತುಂಬಿದ ಗ್ಯಾಸ್ ಎಷ್ಟು ಮೀಟರಿಗೆ ಸಾಕು ಎಂದು ಕೈಪಿಡಿಯಲ್ಲಿದೆ. ಮೀರಿದ ಪ್ರತಿ ಮೀಟರಿಗೆ ಅಲ್ಲಿ ಹೇಳಿದಷ್ಟು ಗ್ರಾಂ ಗ್ಯಾಸನ್ನು ತಕ್ಕಡಿಯ ಮೇಲಿಟ್ಟು ತೂಗಿಯೇ ಸೇರಿಸಬೇಕು. ಇನ್ವರ್ಟರ್ ಯಂತ್ರದಲ್ಲಿ ಒತ್ತಡ ಸದಾ ಬದಲಾಗುವುದರಿಂದ ಗೇಜ್ ನೋಡಿ ಗ್ಯಾಸ್ ಅಂದಾಜು ಮಾಡಲಾಗದು.

ವೈರಿಂಗ್‌ಗೆ ಪ್ರತ್ಯೇಕ ಲೈನ್, ಕೈಪಿಡಿ ಹೇಳಿದ ಆಂಪಿಯರ್‌ನ ಎಂಸಿಬಿ, ಔಟ್‌ಡೋರ್ ಪಕ್ಕದಲ್ಲೇ ಐಸೊಲೇಟರ್ (ಕರೆಂಟ್ ಪೂರ್ತಿ ಕಡಿಯುವ ಸ್ವಿಚ್), ಸರಿಯಾದ ಅರ್ತಿಂಗ್. ಒಳಹೊರ ನಡುವಿನ ವೈರ್ ತುಂಡಿಲ್ಲದೆ ಒಂದೇ ಎಳೆಯಾಗಿರಲಿ, ನಡುವೆ ತಿರುಚಿ ಟೇಪ್ ಸುತ್ತಿದ ಜೋಡಣೆ ಕಮ್ಯುನಿಕೇಶನ್ ಎರರ್‌ಗೆ ದೊಡ್ಡ ಕಾರಣ. ಸಿಗ್ನಲ್ ಟರ್ಮಿನಲ್‌ಗೆ ತಪ್ಪಿ ಫೇಸ್ ಕೊಟ್ಟರೆ ಬೋರ್ಡ್ ಸುಡುತ್ತದೆ.

ಚಳಿಗಾಲದಲ್ಲಿ ಹಾಕಿಸುವವರು ಒಂದನ್ನು ಮರೆಯುತ್ತಾರೆ. ಬಿಸಿ ಓಡುವಾಗ ಇಂಡೋರ್‌ನಲ್ಲಿ ನೀರು ಬರುವುದಿಲ್ಲ, ಡ್ರೈನ್ ತಪ್ಪಿದ್ದರೆ ಗೊತ್ತಾಗುವುದು ಬೇಸಿಗೆಯಲ್ಲಿ ಗೋಡೆ ಒದ್ದೆಯಾದಾಗ. ಅಳವಡಿಸಿದ ದಿನವೇ ಪ್ರತಿ ಇಂಡೋರ್‌ನ ತಟ್ಟೆಗೆ ಒಂದು ಲೀಟರ್ ನೀರು ಸುರಿದು ಹೊರಗೆ ಬರುವುದನ್ನು ನೋಡಿ. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರಾದರೂ ಬೇಕು, ಎಲ್ಲೂ ಮೇಲೇರಿ ಇಳಿಯಬಾರದು.

ಕೊನೆಗೆ ಒಂದೊಂದೇ ಕೋಣೆ ಆನ್ ಮಾಡಿ 15 ನಿಮಿಷ ಓಡಿಸಿ, ಅದೇ ಕೋಣೆಗೆ ಬರುತ್ತಿದೆಯೇ ನೋಡಿ. ಬಿಸಿಯಲ್ಲಿ ಇಂಡೋರ್ ಚಾವಣಿ ಹತ್ತಿರದ ಬೆಚ್ಚನೆ ಗಾಳಿಯನ್ನೇ ಅಳೆದು ಬೇಗ ನಿಂತುಬಿಡುತ್ತದೆ. ಎಷ್ಟೋ ಯಂತ್ರಗಳಲ್ಲಿ ಇದಕ್ಕೆ 2 ಡಿಗ್ರಿ ಸರಿಪಡಿಸುವ ಸೆಟ್ಟಿಂಗ್ ಇದೆ, ಅಳವಡಿಸುವವರ ಕೈಯಲ್ಲೇ ಮಾಡಿಸಿ.

ಕೋಣೆಗಳ ಅಳತೆ, ಕಿಟಕಿಯ ದಿಕ್ಕು, ಅವರು ಸೂಚಿಸಿದ ಔಟ್‌ಡೋರ್‌ನ ಮಾಡೆಲ್ ನಂಬರ್ ಇಲ್ಲೇ ಹಾಕಿ. ಕನಿಷ್ಠ ಸಾಮರ್ಥ್ಯದ ಸಾಲು ಹುಡುಕಿ, ಉಳಿದ ಕೋಣೆಗಳ ಲೆಕ್ಕವನ್ನೂ ಇದರ ಕೆಳಗೇ ಬರೆಯುತ್ತೇನೆ.