ಡೋಮ್ ಬೇಡ, ಜಾರುವ ಚಾವಣಿ ಮಾಡಿಸಿ

ಸೋಮವಾರಪೇಟೆ ಹತ್ತಿರ, ಕಾಫಿ ಕಣದ ಮೂಲೆಯಲ್ಲಿ 8 ಇಂಚಿನ ಟೆಲಿಸ್ಕೋಪ್‌ಗೆ ಕೋಣೆ ಕಟ್ಟಬೇಕು, ಡೋಮ್ (ಗುಮ್ಮಟ) ಒಳ್ಳೆಯದಾ ಜಾರುವ ಚಾವಣಿಯಾ ಅಂತ ಕೇಳಿದ್ದೀರಿ. ನಾನಾದರೆ ಜಾರುವ ಚಾವಣಿಗೇ ಹೋಗುತ್ತೇನೆ. ಆಕಾಶ ನೋಡಲು ಡೋಮ್‌ನಲ್ಲಿ ಬಿಡುವ ಸೀಳಿನಿಂದ ನಮ್ಮ ಜುಲೈ ಮಳೆ ನುಗ್ಗದಂತೆ ತಡೆಯುವುದು ಸುಲಭವಲ್ಲ. ಶೀಟಿನ ಚಾವಣಿಗೆ ಗೇಟಿನ ಚಕ್ರ, ಕಬ್ಬಿಣದ ಹಳಿ ಸಾಕು, ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡುತ್ತಾರೆ. ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಕೊಂಡಿ ಹಾಕಿಸಿ.

ಟೆಲಿಸ್ಕೋಪ್ ನಿಲ್ಲುವ ಕಾಂಕ್ರೀಟ್ ಕಂಬ ಕೋಣೆಯ ನೆಲಕ್ಕೆ ತಾಗಬಾರದು. ಸುತ್ತ ಒಂದು ಬೆರಳಿನಷ್ಟು ಸಂದು ಬಿಡಿ, ಇಲ್ಲದಿದ್ರೆ ನೀವು ಪಕ್ಕದಲ್ಲಿ ಹೆಜ್ಜೆ ಇಟ್ಟಾಗಲೆಲ್ಲ ಕಣ್ಣಿಟ್ಟು ನೋಡುವ ಐಪೀಸಿನಲ್ಲಿ ಶನಿ ಕುಣಿಯುತ್ತಾನೆ.

ಟೆಲಿಸ್ಕೋಪ್ ಕೂರುವ ಮೌಂಟನ್ನು (ತಿರುಗುವ ಪೀಠ) ಸಾಮಾನ್ಯವಾಗಿ ಧ್ರುವ ನಕ್ಷತ್ರ ನೋಡಿ ಹೊಂದಿಸುತ್ತಾರೆ. ನಮ್ಮ ಅಕ್ಷಾಂಶ ಸುಮಾರು 12.5 ಡಿಗ್ರಿ, ಅಂದ್ರೆ ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಮೇಲೆ. ಉತ್ತರಕ್ಕೆ ಸಿಲ್ವರ್ ಓಕ್ ಸಾಲಿದ್ದರೆ ಕಾಣುವುದೇ ಇಲ್ಲ. ಅದಕ್ಕೆ ಮರ ಕಡಿಯಬೇಡಿ ಮಾರಾಯ್ರೇ, ಸುಮ್ನೆ ಮೆಣಸಿನ ಬಳ್ಳಿಯೂ ಹಾಳು! ಬೇರೆ ನಕ್ಷತ್ರ ಐಪೀಸಿನಲ್ಲಿ ಯಾವ ಕಡೆ ಸರಿಯುತ್ತದೆ ಅಂತ ನೋಡಿ ತಿದ್ದುವ ಡ್ರಿಫ್ಟ್ ವಿಧಾನದಲ್ಲೂ ಮೌಂಟ್ ಹೊಂದಿಸಬಹುದು. ಚಾವಣಿ ಉತ್ತರಕ್ಕೇ ಜಾರಲಿ, ದಕ್ಷಿಣದ ಗೋಡೆ ತಗ್ಗಿರಲಿ. ಬೇಸಿಗೆ ರಾತ್ರಿಗಳಲ್ಲಿ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಇಲ್ಲಿ ದಕ್ಷಿಣದಲ್ಲಿ 30 ಡಿಗ್ರಿ ಎತ್ತರಕ್ಕೆ ಬರುತ್ತದೆ, ಲಂಡನ್ನಿನವರಿಗೆ ಆ ಭಾಗ್ಯವೇ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆಲಿಸ್ಕೋಪ್ ಅಲ್ಲಿ ಬಿಡಲೇಬೇಡಿ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಐಪೀಸುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ, ಮತ್ತೆ ಬಳಸಬಹುದು. ಏಪ್ರಿಲ್-ಮೇನಲ್ಲಿ ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ.

ಅಂದ ಹಾಗೆ, ಆಕಾಶ ತಿಳಿಯಾಗಿರುವ ಜನವರಿಯಲ್ಲೇ ಕಾಫಿ ಒಣಗಿಸುವುದೂ ಅಲ್ವಾ? ಕಣದ ಜಾಗ ಬಿಟ್ಟುಕೊಡಲು ಮನೆಯವರು ಒಪ್ಪಿದ್ದಾರಾ?