ಓದುಗರ ಪ್ರಶ್ನೆ: ವೆಬ್ ಫಾರ್ಮಿನಲ್ಲಿ ಆಧಾರ್, ಪ್ಯಾನ್ ತಾಳೆ ನೋಡುವುದು ಹೇಗೆ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಸದಸ್ಯತ್ವದ ಅರ್ಜಿ ಈಗ ಆನ್‌ಲೈನ್ ಆಗಿದೆ. ಆಧಾರ್ ಕಾಲಂನಲ್ಲಿ 12 ಅಂಕಿ ಇದೆಯೇ ಎಂದು ನೋಡುತ್ತೇವೆ. ಆದರೂ ತಪ್ಪು ನಂಬರುಗಳು ಬರುತ್ತಲೇ ಇವೆ. ಏನು ಮಾಡಬಹುದು? — ಶಿರಸಿಯ ಓದುಗರು

ಉತ್ತರ: ಅಂಕಿ ಎಣಿಸಿದರೆ ಸಾಲದು. ಆಧಾರ್ ನಂಬರ್ 0 ಅಥವಾ 1ರಿಂದ ಶುರುವಾಗುವುದಿಲ್ಲ. ಮೊದಲು ಅದನ್ನು ನೋಡಿ. ಕೊನೆಯ ಅಂಕಿ ಇನ್ನೂ ಮುಖ್ಯ. ಅದು ಹಿಂದಿನ 11 ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟ ತಾಳೆ ಅಂಕಿ. ಲೆಕ್ಕದ ಕ್ರಮ ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ್ದು. ಯಾವುದೇ ಒಂದು ಅಂಕಿ ತಪ್ಪಾದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಇದು ಹಿಡಿದುಬಿಡುತ್ತದೆ. ಕ್ರೆಡಿಟ್ ಕಾರ್ಡಿಗೆ ಬಳಸುವ ಲೂನ್ ಎಂಬ ಬೇರೆ ತಾಳೆ ಲೆಕ್ಕದ ಕೋಡನ್ನೇ ತಂದು ಇಲ್ಲಿ ಹಾಕಬೇಡಿ, ಸರಿಯಾದ ಆಧಾರ್ ನಂಬರುಗಳೇ ಬಹುಪಾಲು ತಿರಸ್ಕಾರವಾಗುತ್ತವೆ.

ವೆರ್ಹೂಫ್ ಲೆಕ್ಕಕ್ಕೆ ಎರಡು ಕೋಷ್ಟಕ ಬೇಕು: 10×10ರ ಗುಣಾಕಾರ ಕೋಷ್ಟಕ (ಇದು ಶಾಲೆಯ ಮಗ್ಗಿಯಲ್ಲ, ವೆರ್ಹೂಫ್ ಕ್ರಮದ್ದೇ ಬೇರೆ), ಒಂದು ಅಂಕಿಯ ಬದಲು ಇನ್ನೊಂದನ್ನು ಕೊಡುವ 8×10ರ ಸ್ಥಾನಪಲ್ಲಟ ಕೋಷ್ಟಕ. ನಂಬರನ್ನು ಬಲದಿಂದ ಎಡಕ್ಕೆ ಓದಬೇಕು. ತಾಳೆ ಅಂಕಿಯ ಸ್ಥಾನ 0, ಅದರ ಎಡದ್ದು 1, ಹೀಗೆ. ಪ್ರತಿ ಅಂಕಿಯನ್ನೂ ಅದರ ಸ್ಥಾನದ ಸಾಲಿನಲ್ಲಿ ಪಲ್ಲಟಿಸಿ (8ನೇ ಸ್ಥಾನಕ್ಕೆ ಮತ್ತೆ ಮೊದಲ ಸಾಲು), ಈವರೆಗಿನ ಫಲದ (ಶುರುವಿನಲ್ಲಿ 0) ಜೊತೆ ಗುಣಾಕಾರ ಕೋಷ್ಟಕದಲ್ಲಿ ಸೇರಿಸುತ್ತ ಹೋಗಿ. ಕೊನೆಗೆ 0 ಬಂದರೆ ಸರಿ. ಕೋಡ್ ಪರೀಕ್ಷೆಗೆ 2363 ಕೊಟ್ಟು ನೋಡಿ: ಫಲ ಕ್ರಮವಾಗಿ 3, 1, 4, 0 ಬರಬೇಕು. ನಡುವಿನ ಅಂಕಿಗಳನ್ನು ಅದಲುಬದಲು ಮಾಡಿ 2633 ಕೊಟ್ಟರೆ 4ಕ್ಕೆ ನಿಲ್ಲುತ್ತದೆ, ಅಂದರೆ ತಪ್ಪು. ಹೆಚ್ಚಿನ ಎಡವಟ್ಟು ಆಗುವುದು ಸ್ಥಾನದ ಎಣಿಕೆಯಲ್ಲಿ. ತಾಳೆ ಅಂಕಿಯನ್ನು ಹೊಸದಾಗಿ ಲೆಕ್ಕ ಹಾಕುವ ಕೋಡಿನಲ್ಲಿ ಎಣಿಕೆ 1ರಿಂದ ಶುರು. ಅದನ್ನೇ ಪರಿಶೀಲನೆಗೆ ನಕಲು ಮಾಡಿದರೆ ಎಲ್ಲವೂ ಕೆಡುತ್ತದೆ.

ತಾಳೆಯಾದರೆ ಟೈಪಿಂಗ್ ಸರಿಯಿರಬಹುದು ಎಂದಷ್ಟೇ ಅರ್ಥ. ನಂಬರು ಅರ್ಜಿದಾರರದ್ದೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಇನ್ನೊಂದು ಮಾತು ಕಡ್ಡಾಯವಾಗಿ ನೆನಪಿಡಿ: ತಪ್ಪಾದ ನಂಬರನ್ನು ಎರರ್ ಲಾಗ್‌ನಲ್ಲಿ (ಸರ್ವರ್ ತಪ್ಪುಗಳನ್ನು ದಾಖಲಿಸುವ ಕಡತ) ಪೂರ್ತಿ ಬರೆದಿಡಬೇಡಿ. ಒಂದು ಅಂಕಿ ಮಾತ್ರ ತಪ್ಪಿರುವ ನಂಬರಿನಿಂದ ನಿಜವಾದದ್ದನ್ನು ಊಹಿಸುವುದು ಕಷ್ಟವಲ್ಲ.

ಪ್ರಶ್ನೆ: ನಮ್ಮ ಫಾರ್ಮ್ ಕೆಲವರ ಸರಿಯಾದ ಪ್ಯಾನ್ ನಂಬರನ್ನೇ ಒಪ್ಪುತ್ತಿಲ್ಲ. ಐದನೇ ಅಕ್ಷರ ಹೆಸರಿಗೆ ಹೊಂದಬೇಕು ಎಂಬ ನಿಯಮ ಹಾಕಿದ್ದೇವೆ. — ಹಾಸನದ ಓದುಗರು

ಉತ್ತರ: ಆ ನಿಯಮ ಇವತ್ತೇ ತೆಗೆಯಿರಿ. ವ್ಯಕ್ತಿಗಳ ಪ್ಯಾನ್‌ನಲ್ಲಿ ಐದನೆಯದು ಸರ್‌ನೇಮಿನ ಮೊದಲ ಅಕ್ಷರ. ನಮ್ಮಲ್ಲಿ ಊರಿನ, ತಂದೆಯ ಹೆಸರಿನ ಇನಿಷಿಯಲ್ ಇಟ್ಟುಕೊಂಡವರೇ ಹೆಚ್ಚು. ಪ್ಯಾನ್ ಅರ್ಜಿಯಲ್ಲಿ ಸರ್‌ನೇಮ್ ಜಾಗಕ್ಕೆ ಯಾವುದನ್ನು ಬರೆದಿದ್ದರೋ ನಿಮ್ಮ ಫಾರ್ಮಿಗೆ ತಿಳಿಯದು. ಮದುವೆಯ ನಂತರ ಹೆಸರು ಬದಲಾದರೂ ನಂಬರ್ ಹಳೆಯದೇ ಇರುತ್ತದೆ.

ನೋಡಬೇಕಾದದ್ದು ಇಷ್ಟು: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ನಾಲ್ಕನೆಯದು ಪ್ಯಾನ್ ಯಾರದ್ದೋ ಅವರ ಬಗೆ: ವ್ಯಕ್ತಿಗೆ ಪಿ, ಕಂಪನಿಗೆ ಸಿ, ಅವಿಭಕ್ತ ಕುಟುಂಬಕ್ಕೆ ಎಚ್. ಆರರಿಂದ ಒಂಬತ್ತನೇ ಸ್ಥಾನದೊಳಗೆ ಇಂಗ್ಲಿಷಿನ ‘ಓ’ ಬಂದಿದ್ದರೆ ಅದು ಸೊನ್ನೆಯೇ ಆಗಿರಬೇಕು, ಆದ್ದರಿಂದ ‘ಇಲ್ಲಿ ಸೊನ್ನೆಯೇ?’ ಎಂದು ಕೇಳಿ. ಸಿಎಸ್‌ಎಸ್‌ನಲ್ಲಿ (ಪುಟದ ನೋಟ ನಿರ್ಧರಿಸುವ ಕೋಡ್) ದೊಡ್ಡಕ್ಷರ ಮಾಡಿದರೆ ಕಣ್ಣಿಗೆ ಮಾತ್ರ ದೊಡ್ಡದು. ಸರ್ವರಿಗೆ ಹೋಗುವುದು ಟೈಪ್ ಮಾಡಿದ ಸಣ್ಣಕ್ಷರವೇ. ಸರ್ವರಿನಲ್ಲೂ ಬದಲಿಸಿಕೊಳ್ಳಿ.

ಪ್ರಶ್ನೆ: ಕನ್ನಡ ಅಂಕಿಯಲ್ಲಿ ತುಂಬಿದರೆ ಫಾರ್ಮ್ ‘ತಪ್ಪು’ ಎನ್ನುತ್ತದೆ. ಸರಿಪಡಿಸಬಹುದೇ? — ಗದಗದ ಓದುಗರು

ಉತ್ತರ: ಖಂಡಿತ, ಮತ್ತು ಕನ್ನಡದ ಫಾರ್ಮ್ ಅದನ್ನು ಒಪ್ಪಲೇಬೇಕು. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟಿನ ರೆಗೆಕ್ಸ್‌ನಲ್ಲಿ (ಪಠ್ಯದ ಮಾದರಿ ತಾಳೆ ನೋಡುವ ಸೂತ್ರ) ಅಂಕಿ ಎಂದರೆ 0–9 ಮಾತ್ರ. ಸರ್ವರಿನಲ್ಲಿ ಪೈಥಾನ್ 3 ಇದ್ದರೆ ಅದರಲ್ಲಿ ೦–೯ ಕೂಡ ಸೇರುತ್ತದೆ. ಹೀಗಾಗಿ ಬ್ರೌಸರ್ ಬೇಡ ಎಂದದ್ದನ್ನು ಸರ್ವರ್ ಹೂಂ ಎನ್ನುತ್ತದೆ. ಪರಿಶೀಲನೆಗೆ ಮೊದಲೇ ೦–೯ ಅನ್ನು 0–9 ಮಾಡಿ. ಖಾಲಿ ಜಾಗ, ಅಡ್ಡಗೆರೆ, ವಾಟ್ಸಾಪ್‌ನಿಂದ ಕಾಪಿ ಮಾಡುವಾಗ ಅಂಟಿಕೊಂಡು ಬರುವ ಕಾಣದ ಅಕ್ಷರಗಳನ್ನೂ ತೆಗೆಯಿರಿ. ಇನ್‌ಪುಟ್‌ಗೆ ‘ನಂಬರ್’ ಬಗೆ ಬೇಡ, ‘ಟೆಕ್ಸ್ಟ್’ ಇಟ್ಟು ಇನ್‌ಪುಟ್‌ಮೋಡ್ ‘ನ್ಯೂಮರಿಕ್’ ಕೊಡಿ. ಮೊಬೈಲಿನಲ್ಲಿ ಅಂಕಿಯ ಕೀಲಿಮಣೆಯೇ ಬರುತ್ತದೆ. ಡೇಟಾಬೇಸಿನಲ್ಲೂ ಪಠ್ಯವಾಗಿಯೇ ಇಡಿ. ಎಕ್ಸೆಲ್‌ಗೆ ಇಳಿಸುವಾಗ ಕಾಲಂ ಟೆಕ್ಸ್ಟ್ ಆಗಿರಲಿ, ಇಲ್ಲವಾದರೆ ಅದು 15 ಅಂಕಿಯಷ್ಟೇ ನಿಖರವಾಗಿ ಇಟ್ಟುಕೊಳ್ಳುವುದರಿಂದ ಆಧಾರ್ ಬದಲು ಕೊಡಬಹುದಾದ 16 ಅಂಕಿಯ ವರ್ಚುವಲ್ ಐಡಿಯ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ.