ಓದುಗರ ಪ್ರಶ್ನೆ: ಕಂಬಳಿ ಕುಗ್ಗುತ್ತದೆ, ಸ್ವೆಟರ್ ಹಿಗ್ಗಿದ್ದೇಕೆ?

ಪ್ರಶ್ನೆ: ಸಂತೆಯಲ್ಲಿ ಉಣ್ಣೆಯದೆಂದು ಕೊಂಡ ಸ್ವೆಟರನ್ನು ಕುದಿಯುವಂಥ ನೀರಿನಲ್ಲಿ ಒಗೆದು ತಂತಿಗೆ ನೇತುಹಾಕಿದೆ, ಅದು ತೊಡೆಯವರೆಗೆ ಜೋತುಬಿತ್ತು. ನಮ್ಮ ಅಜ್ಜನ ಕಂಬಳಿ ಬಿಸಿನೀರಿಗೆ ಕುಗ್ಗುತ್ತದೆ. ಇದೇಕೆ ಹಿಗ್ಗಿತು?
– ಓದುಗರೊಬ್ಬರು, ಜಮಖಂಡಿ

ಉತ್ತರ: ನೀವು ಹೇಳುವ ಲಕ್ಷಣ ನೋಡಿದರೆ ಅದು ಬಹುಮಟ್ಟಿಗೆ ಅಕ್ರಿಲಿಕ್ ಎಂಬ ಕೃತಕ ನೂಲಿನದು. ಕುರಿಯ ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮವಾದ ಹುರುಪೆಗಳಿರುತ್ತವೆ. ಬಿಸಿನೀರು, ಸಾಬೂನು, ತಿಕ್ಕಾಟ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ದಟ್ಟವಾಗಿ ಕುಗ್ಗುತ್ತದೆ. ಅಕ್ರಿಲಿಕ್ ಎಳೆಯಲ್ಲಿ ಹುರುಪೆಗಳೇ ಇಲ್ಲ.

ಅಕ್ರಿಲೋನೈಟ್ರೈಲ್ ಎಂಬ ದ್ರವದ ಅಣುಗಳನ್ನು ಉದ್ದನೆಯ ಸರಪಳಿಯಾಗಿ ಬೆಸೆದು ಈ ನಾರನ್ನು ತಯಾರಿಸುತ್ತಾರೆ. ತೂಕದಲ್ಲಿ ಕನಿಷ್ಠ ಶೇ. 85ರಷ್ಟು ಅದೇ ಇದ್ದರೆ ಮಾತ್ರ ಅಕ್ರಿಲಿಕ್ ಎನ್ನಬಹುದು. ಉಳಿದ ಪಾಲಿನಲ್ಲಿ ಮೀಥೈಲ್ ಅಕ್ರಿಲೇಟ್ ಅಥವಾ ವಿನೈಲ್ ಅಸಿಟೇಟ್ ಬೆರೆಸುವುದು ಮುಖ್ಯವಾಗಿ ಬಣ್ಣ ಒಳಗಿಳಿಯಲೆಂದು. ಸರಪಳಿಯುದ್ದಕ್ಕೂ ಇರುವ ನೈಟ್ರೈಲ್ ಗುಂಪುಗಳು (ಇಂಗಾಲ–ಸಾರಜನಕದ ಜೋಡಿಗಳು) ಪರಸ್ಪರ ಬಲವಾಗಿ ಸೆಳೆಯುತ್ತವೆ. ಹೀಗಾಗಿ ಕಾಯಿಸಿದರೆ ನೈಲಾನ್ ಕರಗುತ್ತದೆ, ಇದು ಕರಗುವ ಮೊದಲೇ ಕೆಡುತ್ತದೆ. ಇದನ್ನು ದ್ರಾವಣವಾಗಿಸಬಲ್ಲ ಡೈಮೀಥೈಲ್ ಫಾರ್ಮಮೈಡ್‌ನಂಥ ದ್ರಾವಕಗಳು ಗೊತ್ತಾದ ಮೇಲೆಯೇ ಎಳೆ ತೆಗೆಯುವುದು ಸಾಧ್ಯವಾಗಿ, ಅಮೆರಿಕದ ಡುಪಾಂಟ್ ಕಂಪನಿಯ ‘ಆರ್ಲಾನ್’ 1950ರಲ್ಲಿ ಮಾರುಕಟ್ಟೆಗೆ ಬಂತು.

ನಿಮ್ಮ ಸ್ವೆಟರಿನ ಗುಟ್ಟೂ ಆ ಸೆಳೆತದಲ್ಲಿಯೇ ಇದೆ. ಬಿಸಿನೀರು ಸರಪಳಿಗಳ ನಡುವೆ ನುಸುಳಿ ಹಿಡಿತವನ್ನು ಸಡಿಲಿಸುತ್ತದೆ. ಹೀಗಾಗಿ ಒದ್ದೆಯಾದ ಎಳೆ, ಒಣಗಿದ ಎಳೆಗಿಂತ ಬಹಳ ಕಡಿಮೆ ಶಾಖದಲ್ಲಿ ಮೆತ್ತಗಾಗುತ್ತದೆ. ಆಗ ನೇತುಹಾಕಿದರೆ ನೀರಿನ ಭಾರವೇ ಹೆಣಿಗೆಯ ಕುಣಿಕೆಗಳನ್ನು ಕೆಳಗೆಳೆಯುತ್ತದೆ, ಆರಿದ ಮೇಲೆ ಅದೇ ಆಕಾರ ನಿಲ್ಲುತ್ತದೆ.

ಖಚಿತಪಡಿಸಿಕೊಳ್ಳಲು ಒಳಹೊಲಿಗೆಯ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಡಿರಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಭರಭರನೆ ಉರಿದು ಗಟ್ಟಿಯಾದ ಕರಿಗಂಟು ಉಳಿಸುತ್ತದೆ. ಹೊಗೆಯಲ್ಲಿ ವಿಷಕಾರಿ ಹೈಡ್ರೋಜನ್ ಸಯನೈಡ್ ಇರುವುದರಿಂದ ಇದನ್ನು ಬಯಲಿನಲ್ಲಿಯೇ ಮಾಡಬೇಕು. ಚಳಿಗಾಲದಲ್ಲಿ ಒಲೆಯ ಮುಂದೆ ಕೂರುವ ಮಕ್ಕಳಿಗೆ ಇಂಥ ಸ್ವೆಟರ್ ಹಾಕದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಹಾಗೆಂದು ಇದು ಕಳಪೆ ನಾರಲ್ಲ. ನುಸಿ ತಿನ್ನುವುದಿಲ್ಲ, ಉಣ್ಣೆಗಿಂತ ಹಗುರ, ಬಿಸಿಲಿಗೆ ಬೇಗ ಬಲಗುಂದುವುದಿಲ್ಲ. ವಿಮಾನದ ಭಾಗಗಳಿಗೆ ಬಳಸುವ ಇಂಗಾಲದ ನಾರನ್ನೂ ಹೆಚ್ಚಾಗಿ ಪಾಲಿಅಕ್ರಿಲೋನೈಟ್ರೈಲ್ (ಅಕ್ರಿಲೋನೈಟ್ರೈಲ್ ಸರಪಳಿ) ಎಳೆಯನ್ನೇ ಕಾಯಿಸಿ ಪಡೆಯುತ್ತಾರೆ.

ಇನ್ನು ಮುಂದೆ ತಣ್ಣೀರಿನಲ್ಲಿ ಒಗೆದು, ಹಿಂಡದೆ ಒತ್ತಿ ನೀರು ತೆಗೆದು, ಹೊರಸಿನ ಮೇಲೆ ಹರಡಿ ಒಣಗಿಸಿ. ಈಗಾಗಲೇ ಜೋತುಬಿದ್ದದ್ದು ಪೂರ್ತಿ ಮೊದಲಿನಂತಾಗುವುದು ಕಷ್ಟ.